ನಾಲ್ಕು ಜಪಾನಿ ಗಾಡಿಗಳು ಮತ್ತು ಒಂದು 407

ಪುಣೆಯಲ್ಲಿ ಸಾಮಾನು ಹೊರುವ ಚಿಕ್ಕ ಗಾಡಿ ಯಾವುದೇ ಇರಲಿ, ಅದಕ್ಕೆ ಹೆಸರು ಒಂದೇ: ಟೆಂಪೋ. ಮೂರು ಚಕ್ರದ್ದೂ ಟೆಂಪೋ, ಆರು ಚಕ್ರದ್ದೂ ಟೆಂಪೋ. ಮನೆ ಬದಲಿಸುವಾಗ, ಫ್ರಿಜ್ ತರುವಾಗ, ಗಣಪತಿ ಮೆರವಣಿಗೆಗೆ, ಎಲ್ಲಕ್ಕೂ ಟೆಂಪೋ. ಅದೇ ಗಾತ್ರದ ಗಾಡಿ ನಮ್ಮೂರ ಕಡೆ ಬಂದರೆ ಕ್ಯಾಂಟರ್ ಆಗಿಬಿಡುತ್ತದೆ. ಕನ್ನಡ ಪತ್ರಿಕೆ ಓದುವವರಿಗೆ 'ಕ್ಯಾಂಟರ್ ಪಲ್ಟಿ' ಎಂಬ ತಲೆಬರಹ ಹೊಸದೇನಲ್ಲ. ಪಲ್ಟಿಯಾದದ್ದು ಯಾವ ಕಂಪನಿಯದು ಅಂತ ಯಾರೂ ನೋಡುವುದಿಲ್ಲ, ಎಲ್ಲವೂ ಕ್ಯಾಂಟರೇ.

ಇವೆರಡೂ ಪರದೇಶದ ಹೆಸರುಗಳು. ಟೆಂಪೋ ಜರ್ಮನಿಯ ಹ್ಯಾಂಬರ್ಗಿನ ಒಂದು ಕಂಪನಿಯದು. 1958ರಲ್ಲಿ ಶುರುವಾದ ಬಜಾಜ್ ಟೆಂಪೋ ಅವರ ಮೂರು ಚಕ್ರದ ಗಾಡಿಯನ್ನು ಮೊದಲು ಮುಂಬಯಿಯ ಗೋರೆಗಾಂವ್‌ನಲ್ಲಿ, ಆಮೇಲೆ ಪುಣೆ ಹತ್ತಿರದ ಆಕುರ್ಡಿಯಲ್ಲಿ ತಯಾರಿಸಿತು. ಕ್ಯಾಂಟರ್ ಅನ್ನುವುದು ಜಪಾನಿನ ಮಿತ್ಸುಬಿಷಿಯ ಒಂದು ಮಾಡೆಲ್ಲಿನ ಹೆಸರು. ಹ್ಯಾಂಬರ್ಗಿನ ಕಂಪನಿ ಎಂದೋ ಮುಚ್ಚಿತು, ಮಿತ್ಸುಬಿಷಿಯವರು ಆ ವ್ಯವಹಾರದಿಂದ ಎಂದೋ ಹೊರಗೆ ಹೋದರು. ಹೆಸರು ಮಾತ್ರ ಜನರ ಬಾಯಲ್ಲಿ ಉಳಿದುಬಿಟ್ಟಿತು. ತಮಾಷೆ ಅಂದರೆ, ಈ ಗಾತ್ರದ ಗಾಡಿಗಳ ಪೈಪೋಟಿಯಲ್ಲಿ ನಿಜವಾಗಿ ಗೆದ್ದ ಗಾಡಿಗೆ ಹೆಸರೇ ಇಲ್ಲ. ಬರೀ ಒಂದು ನಂಬರು. 407.

ಆ ಪೈಪೋಟಿಯ ಕಥೆಯನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಮೊದಲೇ ಹೇಳಿಬಿಡುತ್ತೇನೆ, ನಾನು ಎಂಜಿನಿಯರ್ ಅಲ್ಲ. ಬಿ.ಕಾಂ. ಮುಗಿಸಿ ಬ್ಯಾಂಕಿನ ಪರೀಕ್ಷೆ ಬರೆದು 1990ರಲ್ಲಿ ಪುಣೆಗೆ ಬಂದವನು. ನನಗೆ ಗಾಡಿಗಳ ಪರಿಚಯವಾದದ್ದು ಸ್ಟೀರಿಂಗ್ ಹಿಡಿದಲ್ಲ, ಲೆಡ್ಜರ್ ಹಿಡಿದು. ಆದರೆ ಯಾವ ಗಾಡಿ ಒಳ್ಳೆಯದು ಅನ್ನುವ ಪ್ರಶ್ನೆಗೆ ಲೆಡ್ಜರಿನಲ್ಲಿ ಸಿಗುವ ಉತ್ತರ ಷೋರೂಮಿನಲ್ಲಿ ಸಿಗುವುದಿಲ್ಲ.

ಇರಲಿ, ವಿಷಯಕ್ಕೆ ಬರೋಣ.

1980ರ ಆಸುಪಾಸಿನಲ್ಲಿ ಈ ದೇಶದಲ್ಲಿ ಸರಕು ಸಾಗಿಸುವವನಿಗೆ ಇದ್ದ ಆಯ್ಕೆಗಳು ಬಹಳ ಕಡಿಮೆ. ದೊಡ್ಡದು ಬೇಕೆಂದರೆ ಟಾಟಾ ಅಥವಾ ಅಶೋಕ್ ಲೇಲ್ಯಾಂಡ್ ಲಾರಿ. ಚಿಕ್ಕದು ಬೇಕೆಂದರೆ ಮೂರು ಚಕ್ರದ ಟೆಂಪೋ, ಇಲ್ಲವೆ 1969ರಿಂದ ಬರುತ್ತಿದ್ದ ಮ್ಯಾಟಡಾರ್, ಇಲ್ಲವೆ ಮಹೀಂದ್ರ ಜೀಪಿನ ಹಿಂದೆ ತೊಟ್ಟಿ ಕೂಡಿಸಿದ ಗಾಡಿ. ನಡುವೆ ಎರಡು-ಮೂರು ಟನ್ ಹೊರುವ, ಪೇಟೆಯ ಗಲ್ಲಿಯಲ್ಲೂ ನುಗ್ಗುವ, ಹೈವೇಯಲ್ಲೂ ಓಡುವ ಗಾಡಿ ಅನ್ನುವುದು ಇರಲಿಲ್ಲ ಅಂದರೂ ನಡೆದೀತು. ತರಕಾರಿಯವನು, ಹಾಲಿನವನು, ಸಿಲಿಂಡರಿನವನು ಎಲ್ಲರೂ ಒಂದೋ ಅರ್ಧ ಖಾಲಿ ಲಾರಿ ಓಡಿಸಬೇಕು, ಇಲ್ಲ ಚಿಕ್ಕ ಗಾಡಿಯ ಮೇಲೆ ಎರಡು ಪಟ್ಟು ಹೇರಬೇಕು.

1973 ಮತ್ತು 1979ರ ಎರಡು ತೈಲ ಬಿಕ್ಕಟ್ಟುಗಳ ನಂತರ ಡೀಸೆಲ್ ಉಳಿಸುವ ಗಾಡಿ ಬೇಕು ಅನ್ನುವ ಮಾತು ಸರ್ಕಾರದ ಮಟ್ಟದಲ್ಲೂ ಶುರುವಾಯಿತು. ಅದು ಲೈಸೆನ್ಸ್ ಕಾಲ. ಏನು ತಯಾರಿಸಬೇಕು, ಎಷ್ಟು ತಯಾರಿಸಬೇಕು, ಯಾರ ಜೊತೆ ಸೇರಬೇಕು, ಎಲ್ಲಕ್ಕೂ ದೆಹಲಿಯ ಅಪ್ಪಣೆ. 1982ರಲ್ಲಿ ಮಾರುತಿಗೆ ಸುಜುಕಿ ಜೊತೆ ಒಪ್ಪಂದವಾಯಿತಲ್ಲ, ಅದೇ ಹೊತ್ತಿನಲ್ಲಿ ಲಘು ಲಾರಿಗಳ ಬಾಗಿಲೂ ಜಪಾನಿಗೆ ತೆರೆಯಿತು. ಒಂದಲ್ಲ ಎರಡಲ್ಲ, ನಾಲ್ಕು ಜಪಾನಿ ಕಂಪನಿಗಳು ನಾಲ್ಕು ಭಾರತೀಯ ಕಂಪನಿಗಳ ಕೈ ಹಿಡಿದು ಬಂದವು.

ನಾಲ್ಕೂ ಜೋಡಿಗಳನ್ನು ಒಮ್ಮೆ ನೋಡಿ. ದೆಹಲಿಯ ಬಟ್ಟೆ ಗಿರಣಿಯಿಂದ ಬೆಳೆದ ಡಿಸಿಎಂ ಕಂಪನಿ ಟೊಯೋಟಾ ಜೊತೆ ಸೇರಿ ಉತ್ತರ ಪ್ರದೇಶದ ಸೂರಜ್‌ಪುರದಲ್ಲಿ ಕಾರ್ಖಾನೆ ಹಾಕಿತು. ಗಾಡಿಯ ಹೆಸರು ಡೈನಾ. ಪಂಜಾಬಿನಲ್ಲಿ ಸ್ವರಾಜ್ ಟ್ರ್ಯಾಕ್ಟರ್ ಮಾಡುತ್ತಿದ್ದ ಪಂಜಾಬ್ ಟ್ರ್ಯಾಕ್ಟರ್ಸ್, ಮಾಜ್ದಾ ಜೊತೆ ಸೇರಿ ಸ್ವರಾಜ್ ಮಾಜ್ದಾ ಆಯಿತು. ಹೈದರಾಬಾದಿನ ಆಲ್ವಿನ್, ಅದೇ ಫ್ರಿಜ್ಜು ಮತ್ತು ಕೈಗಡಿಯಾರದ ಆಲ್ವಿನ್, ನಿಸಾನ್ ಜೊತೆ ಸೇರಿ ಜಹೀರಾಬಾದಿನಲ್ಲಿ ಕ್ಯಾಬ್‌ಸ್ಟಾರ್ ಎಂಬ ಗಾಡಿ ತಂದಿತು. ಬೀದರಿನವರಿಗೆ ಜಹೀರಾಬಾದ್ ಗೊತ್ತಿರುತ್ತದೆ, ಹೈದರಾಬಾದಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ನಾಲ್ಕನೆಯದು ಐಶರ್. ಅವರೂ ಟ್ರ್ಯಾಕ್ಟರಿನವರೇ. ಮಿತ್ಸುಬಿಷಿ ಜೊತೆ ಸೇರಿ ಇಂದೋರ್ ಹತ್ತಿರದ ಪೀಥಂಪುರದಲ್ಲಿ 1986ರಲ್ಲಿ ಕ್ಯಾಂಟರ್ ಹೊರತಂದರು.

ಗಮನಿಸಿ, ಈ ನಾಲ್ವರಲ್ಲಿ ಒಬ್ಬರೂ ಅದುವರೆಗೆ ಲಾರಿ ಮಾಡಿದವರಲ್ಲ. ಬಟ್ಟೆ, ಫ್ರಿಜ್ಜು, ಟ್ರ್ಯಾಕ್ಟರ್. ಲಾರಿ ಮಾಡಿ ಗೊತ್ತಿದ್ದದ್ದು ಜಪಾನಿನವರಿಗೆ. ಸರ್ಕಾರ ಹಾಕಿದ ಷರತ್ತು ಏನೆಂದರೆ, ಮೊದಮೊದಲು ಬಿಡಿಭಾಗಗಳನ್ನು ಜಪಾನಿನಿಂದ ತಂದು ಜೋಡಿಸಬಹುದು, ಆದರೆ ವರ್ಷ ವರ್ಷಕ್ಕೂ ದೇಶೀಯ ಪಾಲನ್ನು ಹೆಚ್ಚಿಸುತ್ತಾ ಹೋಗಬೇಕು, ಕೆಲವೇ ವರ್ಷಗಳಲ್ಲಿ ಬಹುತೇಕ ಎಲ್ಲವೂ ಇಲ್ಲೇ ತಯಾರಾಗಬೇಕು. ಕಾಗದದ ಮೇಲೆ ಒಳ್ಳೆಯ ಷರತ್ತು.

ಗಾಡಿಗಳು ಬಂದಾಗ ಜನ ಬೆರಗಾದದ್ದು ನಿಜ. ನಮ್ಮ ಲಾರಿ ಡ್ರೈವರುಗಳು ಅಲ್ಲಿಯವರೆಗೆ ಕಂಡದ್ದು ಮರದ ಹಲಗೆಯ ಸೀಟು, ಎರಡೂ ಕೈಯಿಂದ ಎಳೆದು ತಿರುಗಿಸಬೇಕಾದ ಸ್ಟೀರಿಂಗು, ಕಾಲಿನ ಹತ್ತಿರ ಕುಲುಮೆಯಂತೆ ಕಾಯುವ ಎಂಜಿನ್ನು. ಇಲ್ಲಿ ನೋಡಿದರೆ ಕಾರಿನಂಥ ಕ್ಯಾಬಿನ್, ಹಗುರ ಗೇರು, ಸದ್ದು ಕಡಿಮೆ, ಡೀಸೆಲ್ ಕಡಿಮೆ. ಕೊಟೇಶನ್ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಯಾರಾದರೂ ಜಪಾನಿ ಗಾಡಿಯನ್ನೇ ಆರಿಸಬೇಕು. ಹಲವರು ಆರಿಸಿದರು ಕೂಡ.

*

ಈಗ ಟಾಟಾದ ಕಡೆ ಬರೋಣ. ಆಗ ಅದರ ಹೆಸರು ಟೆಲ್ಕೋ (ಟಾಟಾ ಮೋಟಾರ್ಸ್ ಆದದ್ದು 2003ರಲ್ಲಿ). 1945ರಲ್ಲಿ ಜಮ್ಷೆಡ್‌ಪುರದಲ್ಲಿ ರೈಲ್ವೆ ಎಂಜಿನ್ ತಯಾರಿಸಲು ಹುಟ್ಟಿದ ಕಂಪನಿ. 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಲಾರಿಗೆ ಇಳಿಯಿತು. 1969ರಲ್ಲಿ ಆ ಒಪ್ಪಂದ ಮುಗಿಯಿತು, ಲಾರಿಯ ಮುಂದೆ ಬೆಂಜ್‌ನ ನಕ್ಷತ್ರ ಹೋಗಿ ಟಾಟಾದ 'ಟಿ' ಬಂತು. ಆ ಹೊತ್ತಿಗೆ ಸುಮಂತ್ ಮೂಳಗಾಂವ್ಕರ್ ಅವರ ಮುಂದಾಳುತನದಲ್ಲಿ ಪುಣೆಯ ಪಿಂಪ್ರಿಯಲ್ಲಿ ಎರಡನೆಯ ಕಾರ್ಖಾನೆ ಏಳುತ್ತಿತ್ತು.

ಈ ಪಿಂಪ್ರಿ ಕಾರ್ಖಾನೆಯ ವಿಶೇಷ ಏನೆಂದರೆ, ಅವರು ಗಾಡಿ ಮಾಡುವ ಮೊದಲು ಗಾಡಿ ಮಾಡುವ ಯಂತ್ರಗಳನ್ನು ಮಾಡಲು ಕಲಿತರು. ಅಚ್ಚುಗಳು, ಡೈಗಳು, ಮೆಷೀನ್ ಟೂಲುಗಳು, ಎಲ್ಲ ಮನೆಯಲ್ಲೇ. 1966ರಿಂದಲೇ ಅಲ್ಲಿ ಸಂಶೋಧನಾ ಕೇಂದ್ರ ಇತ್ತು, ಹುಡುಗರನ್ನು ತಂದು ತರಬೇತಿ ಕೊಡುವ ವ್ಯವಸ್ಥೆ ಇತ್ತು. ಹೊರಗಿನವರಿಗೆ ಇದೆಲ್ಲ ದುಂದುವೆಚ್ಚ ಅನ್ನಿಸಿರಬಹುದು. ಆದರೆ ನಾಲ್ಕು ಜಪಾನಿ ಕಂಪನಿಗಳು ಒಟ್ಟಿಗೆ ಮೇಲೆ ಬಿದ್ದಾಗ ಈ ಕೂಡಿಟ್ಟ ವಿದ್ಯೆಯೇ ಕೈ ಹಿಡಿಯಿತು.

ಟೆಲ್ಕೋ 1986ರಲ್ಲಿ ಪುಣೆಯಲ್ಲೇ ರೂಪಿಸಿದ 407 ಅನ್ನು ಮಾರುಕಟ್ಟೆಗೆ ಬಿಟ್ಟಿತು. ವಿದೇಶಿ ಪಾಲುದಾರನಿಲ್ಲದ ಗಾಡಿ. ನಂಬರಿನ ಗುಟ್ಟು ಸರಳ, ಬೆಂಜ್ ಕಾಲದಿಂದ ಬಂದ ಪದ್ಧತಿ. ಮೊದಲ ಅಂಕೆ ಟನ್ನಿನ ಲೆಕ್ಕದಲ್ಲಿ ಗಾಡಿಯ ತೂಕದ ವರ್ಗ ಹೇಳುತ್ತದೆ. ಕೊನೆಯ ಎರಡು ಅಂಕೆಯನ್ನು ಹತ್ತರಿಂದ ಗುಣಿಸಿದರೆ ಎಂಜಿನ್ನಿನ ಹಾರ್ಸ್‌ಪವರ್ ಸುಮಾರಾಗಿ ಸಿಗುತ್ತದೆ. 407 ಅಂದರೆ ನಾಲ್ಕು ಟನ್ನಿನ ವರ್ಗ, 70ರ ಆಸುಪಾಸಿನ ಹಾರ್ಸ್‌ಪವರ್. ಮುಂದೆ ಬಂದ 709, 207 ಎಲ್ಲ ಇದೇ ಲೆಕ್ಕ.

ನೋಡಲು ಹೇಗಿತ್ತು? ಜಪಾನಿ ಗಾಡಿಗಳ ಮೂತಿ ಚಪ್ಪಟೆ, ಡ್ರೈವರ್ ಎಂಜಿನ್ನಿನ ಮೇಲೆಯೇ ಕೂರುತ್ತಿದ್ದ. 407ಗೆ ಒಂದು ಮೊಂಡು ಮೂಗು ಇತ್ತು, ಎಂಜಿನ್ ಅರ್ಧ ಮುಂದಕ್ಕೆ ಚಾಚಿತ್ತು. ಬಾನೆಟ್ ಎತ್ತಿದರೆ ಮಿಸ್ತ್ರಿ ನಿಂತಲ್ಲಿಂದಲೇ ಕೈ ಹಾಕಬಹುದು. ಎಂಜಿನ್ 4 ಸಿಲಿಂಡರಿನದು, ಮೂರು ಲೀಟರಿಗೆ ಸ್ವಲ್ಪ ಕಡಿಮೆ. ಸದ್ದು ಜಾಸ್ತಿ, ಕುಲುಕಾಟ ಜಾಸ್ತಿ, ಕ್ಯಾಬಿನ್ನಿನಲ್ಲಿ ಸುಖ ಎಂಬ ಮಾತೇ ಇಲ್ಲ. ಆದರೆ ಅಡಿಯಲ್ಲಿನ ಚೌಕಟ್ಟು, ಸ್ಪ್ರಿಂಗ್ ಪಟ್ಟಿ, ಆಕ್ಸಲ್ಲು ಎಲ್ಲ ದೊಡ್ಡ ಲಾರಿ ಮಾಡಿ ಅಭ್ಯಾಸವಾದ ಕೈಗಳದ್ದು. ಎರಡು ಟನ್ನಿಗೆ ಅಂತ ಕೊಂಡವನು ನಾಲ್ಕು ಹೇರುತ್ತಾನೆ ಅನ್ನುವುದು ಟೆಲ್ಕೋದವರಿಗೆ ಮೊದಲೇ ಗೊತ್ತಿತ್ತು, ಮೂವತ್ತು ವರ್ಷ ಅದೇ ಗಿರಾಕಿಗಳನ್ನು ನೋಡಿದ್ದರಲ್ಲ!

*

ಈ ಹೊತ್ತಿನಲ್ಲಿ, ಇಲ್ಲಿಂದ ಬಹಳ ದೂರ, ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಒಂದು ಸಭೆ ನಡೆಯಿತು. 1985ರ ಸೆಪ್ಟೆಂಬರ್ 22, ಪ್ಲಾಜಾ ಹೋಟೆಲ್. ಅಮೆರಿಕ, ಜಪಾನ್, ಪಶ್ಚಿಮ ಜರ್ಮನಿ, ಫ್ರಾನ್ಸ್, ಬ್ರಿಟನ್, ಈ ಐದು ದೇಶಗಳ ಹಣಕಾಸು ಮಂತ್ರಿಗಳು ಸೇರಿ ಡಾಲರಿನ ಬೆಲೆ ಇಳಿಸಲು ಒಪ್ಪಿಕೊಂಡರು. ಡಾಲರ್ ಇಳಿದರೆ ಯೆನ್ ಏರಬೇಕು. ಏರಿತು, ಅದೂ ಹೇಗೆ! ಡಾಲರಿಗೆ ಸುಮಾರು 240 ಯೆನ್ ಇದ್ದದ್ದು 1988ರ ಹೊತ್ತಿಗೆ 130ರ ಕೆಳಗೆ ಬಂತು.

ನಮ್ಮ ರೂಪಾಯಿ ಆಗಲೂ ಡಾಲರಿನ ಎದುರು ಮೆಲ್ಲಗೆ ಜಾರುತ್ತಲೇ ಇತ್ತು. ಎರಡನ್ನೂ ಕೂಡಿಸಿ ನೋಡಿದರೆ ಲೆಕ್ಕ ಹೀಗಾಗುತ್ತದೆ. 1985ರ ನಡುವಿನಲ್ಲಿ 100 ಯೆನ್ ಕೊಳ್ಳಲು ಸುಮಾರು 5 ರೂಪಾಯಿ ಸಾಕಿತ್ತು. 1988ರಲ್ಲಿ ಹತ್ತಿರ ಹತ್ತಿರ 11 ರೂಪಾಯಿ. 1991ರ ಜುಲೈನಲ್ಲಿ ರೂಪಾಯಿ ಅಪಮೌಲ್ಯವಾದ ಮೇಲೆ, ಆ ವರ್ಷದ ಕೊನೆಗೆ ಸುಮಾರು 20 ರೂಪಾಯಿ. 1995ರಲ್ಲಿ 34ರ ಆಸುಪಾಸು. ಅಂದರೆ 2 ಲಕ್ಷ ಯೆನ್ ಬೆಲೆಯ ಬಿಡಿಭಾಗಗಳ ಗಂಟು 1985ರಲ್ಲಿ 10 ಸಾವಿರ ರೂಪಾಯಿಗೆ ಬರುತ್ತಿದ್ದರೆ 1988ರಲ್ಲಿ 22 ಸಾವಿರ, 1995ರಲ್ಲಿ 68 ಸಾವಿರ. ಮೇಲೆ ಕಸ್ಟಮ್ಸ್ ಸುಂಕ ಬೇರೆ. ಆ ಗಂಟಿನಲ್ಲಿ ಒಂದು ಬೋಲ್ಟೂ ಹೆಚ್ಚಾಗಿಲ್ಲ ನೋಡಿ.

ಜಪಾನಿ ಗಾಡಿ ಮಾಡುತ್ತಿದ್ದ ನಾಲ್ಕೂ ಕಂಪನಿಗಳು ಈ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡವು. ಬೇಗ ಬೇಗ ಎಲ್ಲವನ್ನೂ ಇಲ್ಲೇ ತಯಾರಿಸಿದರೆ ಬಚಾವು. ಆದರೆ ಜಪಾನಿನ ಅಳತೆಗೆ ಸರಿಹೊಂದುವ ಬಿಡಿಭಾಗ ಮಾಡಿಕೊಡುವವರು ಇಲ್ಲಿ ಎಲ್ಲಿದ್ದಾರೆ? ಇದ್ದರೂ ನಾಲ್ಕು ಕಂಪನಿಗೆ ನಾಲ್ಕು ಬಗೆಯ ಗೇರು, ನಾಲ್ಕು ಬಗೆಯ ಪಿಸ್ಟನ್ನು. ಒಬ್ಬೊಬ್ಬರ ಬೇಡಿಕೆಯೂ ಚಿಕ್ಕದು. ಚಿಕ್ಕ ಬೇಡಿಕೆಗೆ ಯಾರು ಡೈ ಹಾಕಿಸುತ್ತಾರೆ? ನಾಲ್ವರಿಗೂ ಒಂದೇ ಸಲ ಲೈಸೆನ್ಸ್ ಕೊಟ್ಟದ್ದರಿಂದ ಗ್ರಾಹಕನಿಗೆ ಆಯ್ಕೆ ಹೆಚ್ಚಿತು ನಿಜ. ಆದರೆ ಇದ್ದ ಚಿಕ್ಕ ಮಾರುಕಟ್ಟೆ ನಾಲ್ಕು ಹೋಳಾಗಿ ಯಾರೊಬ್ಬರಿಗೂ ಹೊಟ್ಟೆ ತುಂಬಲಿಲ್ಲ.

407ಗೆ ಈ ಯೆನ್ನಿನ ಬಿಸಿ ತಟ್ಟಲಿಲ್ಲ. ಅದರ ಡೀಸೆಲ್ ಪಂಪಿನ ಕೆಲಸ ಅಂದರೆ ನಮ್ಮ ಬೆಂಗಳೂರಿನ ಮೈಕೋ ಕಾರ್ಖಾನೆಯ ಕೆಲಸ (2008ರಿಂದ ಬಾಷ್ ಅಂತ ಹೆಸರು). ಟಾಟಾ ಲಾರಿಗಳ ದೆಸೆಯಿಂದ ಮೈಕೋ ಪಂಪ್ ಬಿಚ್ಚಿ ಕೂಡಿಸಬಲ್ಲವರು ಹೆದ್ದಾರಿಯ ಪ್ರತಿ ಊರಲ್ಲೂ ಇದ್ದರು. ಉಳಿದ ಸಾಮಾನು ಪುಣೆಯ ಸುತ್ತಮುತ್ತ ಭೋಸರಿ, ಚಿಂಚವಾಡದ ಚಿಕ್ಕ ಚಿಕ್ಕ ಶೆಡ್ಡುಗಳಲ್ಲಿ ತಯಾರಾಗುತ್ತಿತ್ತು. ಆ ಶೆಡ್ಡುಗಳ ಮಾಲೀಕರೂ ನಮ್ಮ ಗ್ರಾಹಕರೇ. ಬೆಳಿಗ್ಗೆ ಕೌಂಟರಿನಲ್ಲಿ ನಿಲ್ಲುತ್ತಿದ್ದವರಲ್ಲಿ ಒಬ್ಬ 407ರ ಬಿಡಿಭಾಗ ಮಾಡುವವನು, ಅವನ ಹಿಂದೆ ಅದನ್ನು ಸಾಗಿಸುವವನು, ಅವನ ಹಿಂದೆ ಆ ಸಾಗಿಸುವವನಿಗೆ ಡೀಸೆಲ್ ಉದ್ರಿ ಕೊಟ್ಟವನು.

ಟೆಲ್ಕೋದ ದಾರಿಯೂ ಹೂವಿನ ಹಾಸಿಗೆಯಾಗಿರಲಿಲ್ಲ ಅನ್ನುವುದನ್ನು ಹೇಳಲೇಬೇಕು. 1988-89ರಲ್ಲಿ ಪಿಂಪ್ರಿ ಕಾರ್ಖಾನೆಯಲ್ಲಿ ದೊಡ್ಡ ಕಾರ್ಮಿಕ ಕಲಹ ನಡೆಯಿತು. 1989ರ ಸೆಪ್ಟೆಂಬರಿನಲ್ಲಿ ಕಾರ್ಮಿಕರು ಶನಿವಾರವಾಡೆಯ ಮುಂದೆ ಉಪವಾಸ ಕೂತರು, ಕೊನೆಗೆ ಪೊಲೀಸರು ಅವರನ್ನು ಎತ್ತಿ ಒಯ್ದರು. ನಾನು ಪುಣೆಗೆ ಬಂದಾಗ ಆ ಬಿಸಿ ಇನ್ನೂ ಆರಿರಲಿಲ್ಲ. ಒಂದೇ ಚಾಳಿನಲ್ಲಿ ಅಕ್ಕಪಕ್ಕ ಇದ್ದು ಎರಡು ಯೂನಿಯನ್ನಿನವರು ಮಾತು ಬಿಟ್ಟಿದ್ದರು. ಗೆದ್ದ ಗಾಡಿಯ ಕಥೆ ಹೇಳುವಾಗ ಅದನ್ನು ಮಾಡಿದವರ ಈ ಸಂಕಟ ಮರೆಯಬಾರದು.

*

ಈಗ ಲೆಡ್ಜರಿನ ಮಾತು. 1969ರ ಜುಲೈನಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಆದ್ಯತಾ ವಲಯದ ಸಾಲ ಅನ್ನುವುದು ಬಂತಲ್ಲ, ಅದರಲ್ಲಿ ರೈತ, ಸಣ್ಣ ಕೈಗಾರಿಕೆಯ ಜೊತೆಗೆ ಸಣ್ಣ ಸಾರಿಗೆಯವರೂ ಸೇರಿದ್ದರು. ಒಂದೋ ಎರಡೋ ಗಾಡಿ ಇಟ್ಟುಕೊಂಡು ತಾನೇ ಓಡಿಸುವವನು. ಮಾರ್ಜಿನ್ ಹಣ ಕಟ್ಟಬೇಕು, ಡೀಲರನ ಕೊಟೇಶನ್ ತರಬೇಕು, ಒಬ್ಬ ಜಾಮೀನುದಾರ ಬೇಕು, ಆರ್‌ಸಿ ಬುಕ್ಕಿನಲ್ಲಿ ಬ್ಯಾಂಕಿನ ಹೈಪಾಥಿಕೇಶನ್ ಬೀಳಬೇಕು. ಗಾಡಿ ಅವನ ಹೆಸರಿನಲ್ಲಿ, ಹಕ್ಕು ಬ್ಯಾಂಕಿನದು.

1993ರಲ್ಲಿ ನಾನು ಸಾಲದ ಡೆಸ್ಕಿಗೆ ಬಂದಾಗ ಹಳೆಯ ಫೈಲುಗಳಲ್ಲಿ ನಮ್ಮ ಕಡೆಯವರದ್ದೇ ಒಂದು ಫೈಲಿತ್ತು. ಇಂಡಿ ತಾಲೂಕಿನವರು. 1972ರ ಬರಗಾಲದಲ್ಲಿ ಊರು ಬಿಟ್ಟು ಪುಣೆಗೆ ಬಂದು, ಗುಲ್‌ಟೇಕಡಿ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡಿ, ಆಮೇಲೆ ಕ್ಲೀನರ್, ಆಮೇಲೆ ಡ್ರೈವರ್ ಆದವರು. 1989ರಲ್ಲಿ ಆ ನಾಲ್ಕು ಜಪಾನಿ ಗಾಡಿಗಳಲ್ಲಿ ಒಂದನ್ನು ಸಾಲದ ಮೇಲೆ ಹೊಸದಾಗಿ ಕೊಂಡಿದ್ದರು. ಯಾವುದು ಅಂತ ಹೇಳುವುದಿಲ್ಲ, ಇಲ್ಲಿ ಅದು ಮುಖ್ಯವಲ್ಲ. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ, ಅವರು ನನ್ನನ್ನು ಸಾಹೇಬ್ರ ಅನ್ನುತ್ತಿದ್ದರು, ವಯಸ್ಸಿನಲ್ಲಿ ನಾನು ಅವರ ಮಗನಂತಿದ್ದರೂ.

ಮೊದಲ ಮೂರು ವರ್ಷ ಕಂತು ಗಡಿಯಾರದಂತೆ ಬಂದಿದೆ. ಸೊಲ್ಲಾಪುರದಿಂದ ತರಕಾರಿ, ಹೋಗುವಾಗ ಪುಣೆಯ ಕಿರಾಣಿ ಮಾಲು. ನಾಲ್ಕನೆಯ ವರ್ಷ ಗೇರ್‌ಬಾಕ್ಸಿನ ಒಂದು ಭಾಗ ಮುರಿಯಿತು. ಆ ಸಾಮಾನು ಪುಣೆಯಲ್ಲಿ ಸಿಗಲಿಲ್ಲ. ಡೀಲರ್ ತರಿಸುತ್ತೇನೆ ಅಂದ. ಜುನಾ ಬಜಾರಿನಲ್ಲಿ ಹುಡುಕಿದರೂ ಸಿಗಲಿಲ್ಲ. ಹಳೆಯ ಸಾಮಾನು ಸಿಗಬೇಕಾದರೆ ಗುಜರಿಗೆ ಹೋದ ಗಾಡಿಗಳು ಬೇಕಲ್ಲ, ಇವು ಇರುವುದೇ ಕೆಲವು! ಗಾಡಿ 40 ದಿನ ಗ್ಯಾರೇಜಿನಲ್ಲಿ ನಿಂತಿತು.

"ಗಾಡಿ ಭಾಳ ಚಲೋ ಐತ್ರೀ ಸಾಹೇಬ್ರ," ಅಂದರು ಕಾಕಾ, "ಡೀಸೆಲ್ ಕುಡಿಯೂದಿಲ್ಲ, ತಂಟಿ ಇಲ್ಲ. ಆದ್ರ ಒಂದು ಸಾಮಾನಿಗೆ ನಾ ಜಪಾನಕ್ಕ ಹೋಗಾಕ ಆಕ್ಕೈತೇನ್ರೀ?"

ಮೂರು ಕಂತು ಬಾಕಿ ಬಿತ್ತು. ಒಂದು ಮಧ್ಯಾಹ್ನ ಅವರು ಹೆಂಡತಿಯ ಬೋರಮಾಳ ತಂದು ನಮ್ಮ ಶಾಖೆಯಲ್ಲೇ ಚಿನ್ನದ ಸಾಲ ತೆಗೆದುಕೊಂಡರು. ಆ ಹಣದಿಂದ ಅಲ್ಲೇ ನಿಂತು ಗಾಡಿಯ ಕಂತು ಕಟ್ಟಿದರು. ಒಂದೇ ಶಾಖೆಯ ಎರಡು ಲೆಡ್ಜರಿನಲ್ಲಿ ಒಂದೇ ಹೆಸರು. ಒಂದರಲ್ಲಿ ಬಾಕಿ ಇಳಿಯಿತು, ಇನ್ನೊಂದರಲ್ಲಿ ಏರಿತು. ಎರಡೂ ಎಂಟ್ರಿ ಹಾಕಿದ್ದು ನಾನೇ.

ಮರುವರ್ಷ ಆ ಗಾಡಿ ಮಾರಲು ಹೋದಾಗ ಇನ್ನೊಂದು ಪೆಟ್ಟು. ಅದೇ ವಯಸ್ಸಿನ 407ಗೆ ಹಳೆ ಗಾಡಿಯ ದಲ್ಲಾಳಿಗಳು ಮುಗಿಬೀಳುತ್ತಿದ್ದರು. ಈ ಗಾಡಿಯನ್ನು ಸುತ್ತು ಹಾಕಿ ನೋಡಿ, ಬಾಗಿಲು ತಟ್ಟಿ, "ಗಾಡಿ ಛಾನ್ ಆಹೇ, ಪಣ..." ಅನ್ನುತ್ತಿದ್ದರು. ಆ 'ಪಣ' ಶಬ್ದದ ಬೆಲೆ ಎಷ್ಟು ಅಂತ ಕಾಕಾಗೆ ಗೊತ್ತಾಯಿತು. ಕೊನೆಗೆ ಸಿಕ್ಕಷ್ಟಕ್ಕೆ ಕೊಟ್ಟು, ನಮ್ಮ ಸಾಲ ತೀರಿಸಿ, ಉಳಿದ ಚೂರುಪಾರಿಗೆ ಭಾವಮೈದುನನ ಹಣ ಸೇರಿಸಿ ಒಂದು ಹಳೆಯ 407 ಕೊಂಡರು. ಹೇಗಿದೆ ಕಾಕಾ ಅಂತ ಕೇಳಿದರೆ, "ಕತ್ತಿ ಇದ್ದಂಗ ಐತ್ರೀ. ಒದ್ದರ ಹೋಗತೈತಿ," ಅಂದರು. ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ಗಾಡಿಗೆ ಬೇಕು?

ಬೋರಮಾಳ ಬಿಡಿಸಿಕೊಳ್ಳಲು ಅವರಿಗೆ ಎರಡು ವರ್ಷ ಹಿಡಿಯಿತು.

ಇಂಥ ಫೈಲುಗಳನ್ನು ನೋಡುತ್ತಾ ನನಗೆ ಅರ್ಥವಾದದ್ದು ಇಷ್ಟು. ಗಾಡಿ ಕೊಳ್ಳುವವನು ಬರೀ ಗಾಡಿ ಕೊಳ್ಳುವುದಿಲ್ಲ. ಅದನ್ನು ರಿಪೇರಿ ಮಾಡಬಲ್ಲ ಮಿಸ್ತ್ರಿ, ಅದರ ಸಾಮಾನು ಇಟ್ಟಿರುವ ಅಂಗಡಿ, ಐದು ವರ್ಷದ ನಂತರ ಅದನ್ನು ಕೊಳ್ಳಲು ಬರುವ ಇನ್ನೊಬ್ಬ, ಇಷ್ಟನ್ನೂ ಸೇರಿಸಿ ಕೊಳ್ಳುತ್ತಾನೆ. ಹತ್ತು ಗಾಡಿ ಇರುವ ಟ್ರಾನ್ಸ್‌ಪೋರ್ಟ್ ಕಂಪನಿಗೆ ಒಂದು ನಿಂತರೆ ಒಂಬತ್ತು ಓಡುತ್ತವೆ. ಒಂದೇ ಗಾಡಿ ಇರುವವನಿಗೆ ಅದು ನಿಂತ ದಿನ ಒಲೆಯೂ ನಿಲ್ಲುತ್ತದೆ. ಈ ದೇಶದಲ್ಲಿ ಒಂದೇ ಗಾಡಿಯವರೇ ಹೆಚ್ಚು. 407 ಗೆದ್ದದ್ದು ಅವರ ಈ ಹೆದರಿಕೆಯನ್ನು ಅರಿತದ್ದರಿಂದ. ಮೈಲೇಜಿನಲ್ಲಿ ಸೋತರೂ ಪರವಾಗಿಲ್ಲ, ರಾತ್ರಿ ಹನ್ನೆರಡಕ್ಕೆ ಭೀಮಾ ತೀರದಲ್ಲಿ ಕೆಟ್ಟು ನಿಂತರೂ ಬೆಳಗಾಗುವುದರೊಳಗೆ ಓಡಬೇಕು.

*

ಮುಂದೆ ಆ ನಾಲ್ವರ ಗತಿ ಏನಾಯಿತು?

ಆಲ್ವಿನ್ ನಿಸಾನ್ ಮೊದಲು ಸೋತಿತು. ಕೆಲವೇ ವರ್ಷಗಳಲ್ಲಿ ಮಹೀಂದ್ರದವರ ಕೈಗೆ ಹೋಯಿತು. ಜಹೀರಾಬಾದಿನಲ್ಲಿ ಮಹೀಂದ್ರ ಈಗಲೂ ಇದೆ, ಟ್ರ್ಯಾಕ್ಟರ್ ಮಾಡುತ್ತಾರೆ. ಡಿಸಿಎಂ ಟೊಯೋಟಾದಿಂದ ಟೊಯೋಟಾ ಹೊರನಡೆದು ಕೊರಿಯಾದ ಡೇವೂ ಬಂತು. 1995ರಿಂದ ಸೂರಜ್‌ಪುರದಲ್ಲಿ ಸಿಯೆಲೋ ಕಾರು ತಯಾರಾಯಿತು, ಆಮೇಲೆ ಡೇವೂ ಕಂಪನಿಯೇ ಮುಳುಗಿತು. ಡೈನಾ ಕೊಂಡಿದ್ದವರ ಪಾಡನ್ನು ನೀವೇ ಊಹಿಸಿಕೊಳ್ಳಿ.

ಸ್ವರಾಜ್ ಮಾಜ್ದಾ ಮಾತ್ರ ಶಾಲಾ ಬಸ್ಸು, ಆಂಬುಲೆನ್ಸುಗಳ ಕಡೆ ತಿರುಗಿ ಜೀವ ಉಳಿಸಿಕೊಂಡಿತು. 2011ರಲ್ಲಿ ಎಸ್‌ಎಂಎಲ್ ಇಸುಜು ಎಂದು ಹೆಸರು ಬದಲಿಸಿತು, 2025ರಲ್ಲಿ ಅದನ್ನೂ ಮಹೀಂದ್ರದವರೇ ಕೊಂಡರು. ಅಲ್ಲಿಗೆ ನಾಲ್ಕರಲ್ಲಿ ಎರಡು ಮಹೀಂದ್ರದ ಉಡಿಗೆ ಬಿದ್ದಂತಾಯಿತು.

ನಿಜವಾಗಿ ಗಟ್ಟಿಯಾಗಿ ನಿಂತದ್ದು ಐಶರ್ ಒಂದೇ. ಅವರು ಮಿತ್ಸುಬಿಷಿಯಿಂದ ಕಲಿಯುವಷ್ಟು ಕಲಿತು, ಸಾಮಾನು ಇಲ್ಲೇ ಮಾಡಿಸಿಕೊಂಡು, 1994ರಲ್ಲಿ ಒಪ್ಪಂದ ಮುಗಿದ ಮೇಲೆ ತಮ್ಮದೇ ಹೆಸರಿನಲ್ಲಿ ಮುಂದುವರಿದರು. 2008ರಲ್ಲಿ ವೋಲ್ವೋ ಜೊತೆ ಸೇರಿದರು. ಜಪಾನಿ ಗಾಡಿ ಆದ್ದರಿಂದಲೇ ಸೋತಿತು ಅನ್ನುವವರಿಗೆ ಐಶರ್ ಉತ್ತರ. ಕರ್ನಾಟಕದಲ್ಲಿ ಕ್ಯಾಂಟರ್ ಅನ್ನುವ ಹೆಸರು ನಿಂತದ್ದು ಸುಮ್ಮನೆ ಅಲ್ಲ.

ಟೆಲ್ಕೋ 1988ರಲ್ಲಿ 407ಗಿಂತ ಚಿಕ್ಕದಾದ ಟಾಟಾಮೊಬೈಲ್ 206 ಎಂಬ ಪಿಕಪ್ ತಂದಿತು. ಅದೇ ಅಡಿಪಾಯದ ಮೇಲೆ 1991ರಲ್ಲಿ ಸಿಯೆರಾ, 1992ರಲ್ಲಿ ಎಸ್ಟೇಟ್ ಬಂದವು. 1994ರಲ್ಲಿ ಸುಮೋ ಬಂತು. ಸುಮೋ ಅಂದರೆ ಜಪಾನಿ ಜಟ್ಟಿ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು 1989ರಲ್ಲಿ ತೀರಿಕೊಂಡ ಸುಮಂತ್ ಮೂಳಗಾಂವ್ಕರ್ ಅವರ ಹೆಸರು, ಎರಡೂ ಶಬ್ದಗಳ ಮೊದಲಕ್ಷರ ಸೇರಿದೆ. 2005ರಲ್ಲಿ ಎರಡು ಸಿಲಿಂಡರಿನ ಟಾಟಾ ಏಸ್ ಬಂದು ಮೂರು ಚಕ್ರದ ಟೆಂಪೋಗಳ ಅನ್ನ ಕಿತ್ತುಕೊಂಡಿತು. ಆದರೆ ಪಿಕಪ್ ವರ್ಗದಲ್ಲಿ ಮುಂದೆ ಟಾಟಾವನ್ನು ಹಿಂದೆ ಹಾಕಿದ್ದು ಮಹೀಂದ್ರದ ಬೊಲೆರೊ ಪಿಕಪ್. ಕಾರಣ ಕೇಳಿದರೆ ಅದೇ ಹಳೆಯ ಉತ್ತರ. ಜೀಪಿನ ಕಾಲದಿಂದ ಹಳ್ಳಿಹಳ್ಳಿಯ ಮಿಸ್ತ್ರಿಗೂ ಪರಿಚಯವಿರುವ ಗಾಡಿ. 407ರ ಪಾಠವನ್ನು ಎದುರಾಳಿಯೇ ಚೆನ್ನಾಗಿ ಕಲಿತಂತಾಯಿತು.

ಟೊಯೋಟಾ ಕೂಡ ಪಾಠ ಕಲಿತೇ ಮರಳಿತು ಅನ್ನಬೇಕು. 1997ರಲ್ಲಿ ಕಿರ್ಲೋಸ್ಕರ್ ಜೊತೆ ಸೇರಿ ನಮ್ಮ ಬಿಡದಿಗೆ ಬಂದರು. ಆ ಮನೆತನದ ಹಿರಿಯ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಈ ಸಲ ಅವರು ಲಾರಿಯ ಗೊಡವೆಗೆ ಹೋಗಲಿಲ್ಲ, 2000ದಲ್ಲಿ ಕ್ವಾಲಿಸ್ ತಂದರು. ಹಿಂದೆ ತೊಟ್ಟಿ ಇರುವ ಟೊಯೋಟಾ ಈ ದೇಶಕ್ಕೆ ಮತ್ತೆ ಬಂದದ್ದು 2022ರಲ್ಲಿ, ಬಿಡದಿಯಿಂದಲೇ ಹೊರಬಿದ್ದ ಹೈಲಕ್ಸ್ ಪಿಕಪ್ ರೂಪದಲ್ಲಿ. ಆಗಿನ ಬೆಲೆ ಸುಮಾರು 34 ಲಕ್ಷದಿಂದ ಶುರು. ಅದರಲ್ಲಿ ಯಾರೂ ಟೊಮೆಟೊ ಹೇರುವುದಿಲ್ಲ ಬಿಡಿ, ಅದರ ಗಿರಾಕಿಗಳೇ ಬೇರೆ.

ನೆಂಟರಿಷ್ಟರ ಮಕ್ಕಳು ಈಗಲೂ ಯಾವ ಪಿಕಪ್ ಕೊಳ್ಳಲಿ ಅಂತ ನನ್ನನ್ನು ಕೇಳುತ್ತಾರೆ. ಒಂದರಲ್ಲಿ ಪವರ್ ಜಾಸ್ತಿ, ಇನ್ನೊಂದರಲ್ಲಿ ಮೈಲೇಜ್ ಜಾಸ್ತಿ ಅಂತ ಮೊಬೈಲಿನಲ್ಲಿ ಪಟ್ಟಿ ತೋರಿಸುತ್ತಾರೆ. ಪಟ್ಟಿ ಸುಳ್ಳಲ್ಲ. ನಾನು ಹೇಳುವುದು ಇಷ್ಟೇ: ಷೋರೂಮಿಗೆ ಹೋಗುವ ಮೊದಲು ನಿನ್ನ ಗಾಡಿ ಓಡುವ ದಾರಿಯಲ್ಲಿನ ಮೂರು ಗ್ಯಾರೇಜಿಗೆ ಹೋಗು, ಆಮೇಲೆ ಹಳೆ ಗಾಡಿ ಮಾರುವ ಒಬ್ಬ ದಲ್ಲಾಳಿಯ ಹತ್ತಿರ ಹೋಗು. ಆಮೇಲೆ ಕೊಟೇಶನ್ ತಗೊಂಡು ಬ್ಯಾಂಕಿಗೆ ಬಾ.

407 ಈಗಲೂ ತಯಾರಾಗುತ್ತಿದೆ. 5 ಲಕ್ಷಕ್ಕೂ ಹೆಚ್ಚು ಮಾರಾಟವಾಗಿವೆ. ಸೊಲ್ಲಾಪುರ ರಸ್ತೆಯಲ್ಲಿ ಬೆಳಗಿನ ಜಾವ ಬಸ್ಸಿನಲ್ಲಿ ಊರಿಗೆ ಹೊರಟಾಗ ಎದುರಿನಿಂದ ಒಂದರ ಹಿಂದೆ ಒಂದು ತರಕಾರಿ ಹೇರಿಕೊಂಡು ಬರುತ್ತಿರುತ್ತವೆ. ನಿಮ್ಮ ಮನೆಯಲ್ಲೋ ಊರಲ್ಲೋ ಆ ಕಾಲದ ಡೈನಾ, ಮಾಜ್ದಾ, ಕ್ಯಾಬ್‌ಸ್ಟಾರ್ ಓಡಿಸಿದವರು ಯಾರಾದರೂ ಇದ್ದರೆ ಅವರ ಅನುಭವ ಕೇಳಿ ನನಗೂ ತಿಳಿಸಿ. ನಾನು ಕಂಡದ್ದು ಪುಣೆಯ ಒಂದು ಶಾಖೆಯ ಲೆಡ್ಜರ್ ಮಾತ್ರ. ಹೈದರಾಬಾದ್, ದೆಹಲಿ ಕಡೆಯ ಕನ್ನಡಿಗರಿಗೆ ಬೇರೆಯದೇ ಕಥೆ ಗೊತ್ತಿರಬಹುದು.